ಬಿ.ಜಿ. ಕೆರೆ ಜಂಟಿ ಸಭೆಯ ಚಹಾ ಮತ್ತು ಮಿರ್ಚಿ ವಿನಿಮಯದ ಬಗ್ಗೆ

ಸಂಖ್ಯೆ: ಚಳ್ಳ-ಮೊಳ/ಚಹಾ-ಮಿರ್ಚಿ/07/2024-25

ವಿಷಯ: ಚಳ್ಳಕೆರೆ ಕಚೇರಿಯ ಡಿ ದರ್ಜೆ ನೌಕರ ಶ್ರೀ ದುರುಗೇಶ್ ಇವರನ್ನು ಜಂಟಿ ಸಭೆಯಿಂದ ಕೈಬಿಡುವುದೋ ಬೇಡವೋ ಎಂಬ ಬಗ್ಗೆ.

ಉಲ್ಲೇಖ:
1. ಕೈಬಿಡಲೇಬೇಕೆಂದು ಕೋರಿ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಕಚೇರಿಗಳ ಸಿಬ್ಬಂದಿ ಸಲ್ಲಿಸಿದ ಮನವಿ (ಸಹಿ: ದುರುಗೇಶ್ ಹೊರತು ಎಲ್ಲರೂ).
2. ಅಧೀಕ್ಷಕರಾದ ಶ್ರೀ ಓಂಕಾರಮೂರ್ತಿಯವರು ದಾರಿ ತಪ್ಪಿ ಬೇರೆ ಇಲಾಖೆಯ ಕೊಠಡಿಗೆ ಹೋಗಿ, ಎದ್ದು ಬರಲು ಸಂಕೋಚವಾಗಿ, ಪೂರ್ತಿ ಕುಳಿತು ಬಂದ ಅಂತರರಾಷ್ಟ್ರೀಯ ವ್ಯಾಪಾರದ ತರಬೇತಿ.
3. ಎರಡು ಸಾವಿರ ವರ್ಷಕ್ಕೂ ಹಿಂದಿನ ಸರ್ಕಾರವೊಂದು ಅಧಿಕಾರಿಗಳಿಗೆಂದು ಬ್ರಹ್ಮಗಿರಿಯ ಬಂಡೆಯ ಮೇಲೆ ಕೆತ್ತಿಸಿದ ಸುತ್ತೋಲೆ (ಈವರೆಗೆ ಹಿಂಪಡೆದಿರುವುದಿಲ್ಲ).

ಪ್ರಸ್ತಾವನೆ:

ಎರಡೂ ಕಚೇರಿಗಳ ಜಂಟಿ ಸಭೆ ಪ್ರತಿ ತಿಂಗಳು ನಡುವಿನ ಊರಾದ ಬಿ.ಜಿ. ಕೆರೆಯಲ್ಲಿ ನಡೆಯುತ್ತಿರುವುದು ಸರಿಯಷ್ಟೆ. ಅಲ್ಲಿ ಚಳ್ಳಕೆರೆಯವರಿಗೆ ದುರುಗೇಶ್, ಮೊಳಕಾಲ್ಮೂರಿನವರಿಗೆ ಅದೇ ದರ್ಜೆಯ ಶ್ರೀಮತಿ ಪಾಲಮ್ಮ, ಬೇರೆ ಬೇರೆ ಒಲೆ ಹೂಡಿ ಚಹಾ ಕಾಯಿಸಿ ಮಿರ್ಚಿ ಕರಿಯುವುದು ರೂಢಿ. ಪಾಲಮ್ಮನವರ ಚಹಾ ಚೆನ್ನ, ಮಿರ್ಚಿ ಇನ್ನೂ ಚೆನ್ನ, ಎರಡೂ ಬೇಗ. ದುರುಗೇಶ್ ಅವರ ಮಿರ್ಚಿಯ ಬಗ್ಗೆ ಕಚೇರಿ ಏನನ್ನೂ ಹೇಳಬಯಸುವುದಿಲ್ಲ.

ಚಹಾದ ಬಗ್ಗೆ ಹೇಳಲೇಬೇಕಾಗಿದೆ. ಬಿ.ಜಿ. ಕೆರೆಯ ನೀರು ಸವಳು ಎಂಬುದು ಸದರಿಯವರ ನಂಬಿಕೆ. ಆದ್ದರಿಂದ ಚಳ್ಳಕೆರೆಯಿಂದಲೇ ಬಸ್ಸಿನಲ್ಲಿ ನೀರು ತರುತ್ತಾರೆ. ಚಳ್ಳಕೆರೆಯಲ್ಲಿ ನೀರು ತುಂಬಲು ಕೈಗೆ ಸಿಗುವುದು ಎಣ್ಣೆ ಮಿಲ್ಲಿನ ಖಾಲಿ ಡಬ್ಬ. ಎಷ್ಟೇ ತಿಕ್ಕಿದರೂ ಹುಟ್ಟುಗುಣ ಸುಟ್ಟರೂ ಹೋಗದು. ಚಹಾದ ಮೇಲೆ ಶೇಂಗಾ ಎಣ್ಣೆ ಬಳೆ ಬಳೆಯಾಗಿ ತೇಲುತ್ತದೆ. ಲೆಕ್ಕ ನೋಡುವ ಹೊನ್ನೂರಸ್ವಾಮಿ ಇದನ್ನು ಕುಡಿದು "ಟೀಗೂ ಒಗ್ಗರಣೆ ಹಾಕ್ಯಾನೆ ನೋಡ್ರಿ" ಎಂದು ಹೇಳಿಕೆ ನೀಡಿರುತ್ತಾರೆ.

ಪಾಲಮ್ಮನವರೇ ಎರಡನ್ನೂ ಮಾಡಲಿ, ದುರುಗೇಶ್ ರೆಕಾರ್ಡ್ ರೂಮಿನಲ್ಲಿ ಕೂರಲಿ ಎಂಬುದು ಮನವಿಯ ಸಾರಾಂಶ. ಈ ಬಗ್ಗೆ ದುರುಗೇಶ್ ಅವರನ್ನು ವಿಚಾರಿಸಲಾಗಿ, "ನಂಗೆ ಯಾವ್ದೂ ನೆಟ್ಟಗೆ ಬರಲ್ಲ, ಗೊತ್ತೈತೆ ಸಾರ್. ಆದ್ರೆ ಅಲ್ಲಿ ನಾಕು ಜನ ನನ್ನ ಹೆಸರಿಡಿದು ಕರೀತಾರೆ. ರೆಕಾರ್ಡ್ ರೂಮಿನಾಗೆ ಹಲ್ಲಿ ಬಿಟ್ರೆ ಯಾರವ್ರೆ?" ಎಂದಿರುತ್ತಾರೆ. ಇದನ್ನು ಕೇಳಿ ಅಧೀಕ್ಷಕರ ಕರುಳು ಚುರುಕ್ ಎಂದಿರುತ್ತದೆ. ನಿಯಮಾವಳಿಯಲ್ಲಿ ಕರುಳಿಗೆ ಅವಕಾಶವಿಲ್ಲದ ಕಾರಣ ಉಲ್ಲೇಖ 2ರ ತರಬೇತಿಯ ಮೊರೆ ಹೋಗಲಾಯಿತು.

ಅಷ್ಟರಲ್ಲಿ ಪಾಲಮ್ಮನವರೇ ಬಂದು, "ಸೈನ್ ಹಾಕಿದ್ದೆ, ಇಲ್ಲ ಅನ್ನಲ್ಲ. ಹೋದ ಸಲ ಎರಡೂ ಕಡೇರ ಟೀನೂ ನಾನೇ ಕಾಸಾಕೆ ನಿಂತೆ, ಮಿರ್ಚಿ ಅರ್ಧಕ್ಕರ್ಧ ಕಮ್ಮಿ ಆತು, ಎಲ್ರೂ ನನ್ನೇ ಬೈದ್ರು. ನಂಗೇನು ನಾಕು ಕೈ ಅದಾವಾ ಸಾರ್?" ಎಂದು ತಮ್ಮ ಸಹಿಯನ್ನು ಉಗುರಿನಿಂದ ಕೆರೆದು ಹಿಂಪಡೆದಿರುತ್ತಾರೆ.

ಮೇಲ್ಕಂಡ ಹಿನ್ನೆಲೆಯಲ್ಲಿ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ:

1. ಎಲ್ಲದರಲ್ಲೂ ಮುಂದಿರುವುದಕ್ಕೆ 'ನಿರಪೇಕ್ಷ ಅನುಕೂಲ' ಎಂದು ಹೆಸರು. ಅದು ಪೂರ್ತಿ ಪಾಲಮ್ಮನವರ ಸೆರಗಿನಲ್ಲಿದೆ. ಆದರೆ ಪಾಲಮ್ಮ ಒಂದು ಕೆಟಲ್ ಚಹಾಕ್ಕೆ ನಿಂತರೆ ಸಭೆಗೆ ಮೂವತ್ತು ಮಿರ್ಚಿ ಖೋತಾ. ದುರುಗೇಶ್ ನಿಂತರೆ ಐದೇ ಖೋತಾ, ಆ ಐದು ಹೋದದ್ದೇ ಒಳ್ಳೆಯದಾಯಿತು ಎನ್ನುವವರೂ ಇದ್ದಾರೆ. ಹೀಗೆ ಕಡಿಮೆ ಕಳೆದುಕೊಂಡು ಮಾಡುವುದಕ್ಕೆ 'ತುಲನಾತ್ಮಕ ಅನುಕೂಲ' ಎನ್ನಲಾಗುತ್ತದೆ. ಆದ್ದರಿಂದ ಚಹಾ ದುರುಗೇಶ್, ಮಿರ್ಚಿ ಪಾಲಮ್ಮ. ಎಲ್ಲದರಲ್ಲೂ ಹಿಂದಿರುವವರಿಗೂ ಒಲೆಯ ಮುಂದೆ ಜಾಗವಿದೆ ಎಂದು ಈ ಮೂಲಕ ಸೂಚಿಸಲಾಗಿದೆ.

2. ಸಭೆಯ ಮೇಜಿನ ನಡುವೆ ಸುಣ್ಣದ ಗೆರೆ ಎಳೆದು ಅದನ್ನು ಗಡಿ ಎಂದು ಭಾವಿಸತಕ್ಕದ್ದು. ಒಂದು ಲೋಟ ಚಹಾ ಆ ಕಡೆ ದಾಟಿದರೆ ಎರಡು ಮಿರ್ಚಿ ಈ ಕಡೆ ದಾಟಬೇಕು. ಗೆರೆಯ ಮೇಲೆ ಬಿದ್ದ ಚಟ್ನಿ ಎರಡೂ ತಾಲ್ಲೂಕುಗಳಿಗೆ ಸೇರಿದ್ದು.

3. ಹೋಟೆಲ್ ಚಹಾದ ಆಮದನ್ನು ನಿಷೇಧಿಸಲಾಗಿದೆ. ಹೊನ್ನೂರಸ್ವಾಮಿಯವರು ಬಿಸಿಲಿನಲ್ಲಿ ಕಂಬಳಿ ಹೊದ್ದು ಬಂದುದರಿಂದ ಅನುಮಾನಗೊಂಡು ಶೋಧಿಸಲಾಗಿ, ಒಳಗೆ ಫ್ಲಾಸ್ಕ್ ಸಿಕ್ಕಿರುತ್ತದೆ. ವಶಪಡಿಸಿಕೊಂಡ ಚಹಾವನ್ನು ಅಧೀಕ್ಷಕರು ಸಾಕ್ಷ್ಯ ಕೆಡುವ ಮುನ್ನ ಕುಡಿದಿರುತ್ತಾರೆ.

4. ಚಹಾದ ಮೇಲೆ ತೇಲುವ ಎಣ್ಣೆಯನ್ನು ಚಳ್ಳಕೆರೆಯ ಉಚಿತ ರಫ್ತು ಎಂದು ಪರಿಗಣಿಸಲಾಗುವುದು. ಊದಿ ಸರಿಸುವವರು ತಮ್ಮ ತಾಲ್ಲೂಕಿನ ಕಡೆಗೇ ಊದತಕ್ಕದ್ದು. ಅದನ್ನು ಚಮಚದಲ್ಲಿ ತೆಗೆದು ಪಾಲಮ್ಮನವರ ಬಾಣಲೆಗೆ ಹಾಕಿದರೆ ಮರುರಫ್ತು ಎನಿಸುವುದು. ಇದಕ್ಕೆ ಪಾಲಮ್ಮನವರ ಅನುಮತಿ ಬೇಕು, ಅವರು ಕೊಡುವುದಿಲ್ಲ.

5. ದುರುಗೇಶ್ ಅವರ ಎದುರು ಮುಖ ಕಿವುಚುವಂತಿಲ್ಲ. ತಡೆಯಲಾಗದವರು ಜಟಿಂಗ ರಾಮೇಶ್ವರ ಬೆಟ್ಟ ಹತ್ತಿ, ಅಲ್ಲಿ ಕಿವುಚಿ, ಇಳಿದು ಬರತಕ್ಕದ್ದು. ಪ್ರಯಾಣ ಭತ್ಯೆ ಇರುವುದಿಲ್ಲ.

6. ಈ ಸುತ್ತೋಲೆಯ ಕರಡನ್ನು ಟೈಪ್ ಮಾಡುತ್ತಿದ್ದ ಕುಮಾರಿ ನಿರ್ಮಲಾ ಅರ್ಧಕ್ಕೆ ನಿಲ್ಲಿಸಿ, "ದುರುಗೇಶನಿಗೆ ಹಿಡಿದ ತಕ್ಕಡಿ ನಿಮಗೂ ಹಿಡೀಬೇಕಲ್ವಾ ಸಾರ್?" ಎಂದು ಆಕ್ಷೇಪಿಸಿದರು. ಪರಿಶೀಲಿಸಲಾಗಿ, ಕರಡು ಬರೆಯುವುದರಲ್ಲಿ ನಿರ್ಮಲಾ ಮುಂದೆ, ಲೆಕ್ಕದಲ್ಲಿ ಹೊನ್ನೂರಸ್ವಾಮಿ ಮುಂದೆ, ಗದರಿಸುವುದರಲ್ಲಿ ಪಾಲಮ್ಮ ಬಹಳ ಮುಂದೆ. ಅಧೀಕ್ಷಕರು ಯಾವ ಕೆಲಸ ಬಿಟ್ಟು ಎದ್ದರೂ ಕಚೇರಿಗೆ ಕಿಂಚಿತ್ತೂ ಖೋತಾ ಇಲ್ಲವೆಂದು ಕಂಡುಬಂದಿದೆ. ಇಷ್ಟು ಅಗ್ಗದ ಸಮಯ ಎರಡೂ ತಾಲ್ಲೂಕುಗಳಲ್ಲಿ ಬೇರೆ ಯಾರ ಬಳಿಯೂ ಇಲ್ಲವಾದ್ದರಿಂದ, ದುರುಗೇಶ್ ಚಹಾದ ಮೊದಲ ಲೋಟ ಕುಡಿಯುವ ಕೆಲಸವನ್ನು ಅಧೀಕ್ಷಕರಿಗೇ ವಹಿಸಲಾಗಿದೆ. ತಾನು ತೋಡಿದ ಗುಂಡಿಗೆ ತಾನೇ ಬಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ.

7. ಸದರಿ ಕ್ರಮವನ್ನು ಮೊನ್ನೆಯ ಸಭೆಯಲ್ಲಿ ಪ್ರಾಯೋಗಿಕವಾಗಿ ಜಾರಿಗೊಳಿಸಲಾಯಿತು. ಮಿರ್ಚಿ ಎಲ್ಲರಿಗೂ ಸಾಕಾಗಿ ಮಿಕ್ಕಿತು. ದುರುಗೇಶ್ ಮೊದಲ ಲೋಟವನ್ನು ಮೇಜಿನ ಮೇಲಿಟ್ಟು, ಕೆಟಲ್ ಹಿಡಿದು ಬಾಗಿಲ ಮರೆಗೆ ಸರಿದು ನಿಂತರು. ಇಂದು ಲೋಟ ಹಾಗೆಯೇ ಉಳಿದರೆ ನಾಳೆಯಿಂದ ರೆಕಾರ್ಡ್ ರೂಮು ಎಂಬುದು ಅವರಿಗೆ ತಿಳಿದಿತ್ತು. ಅಧೀಕ್ಷಕರು ಎಣ್ಣೆಯನ್ನು ಊದದೆ, ಕಣ್ಣು ಮುಚ್ಚದೆ, ಗಟಗಟನೆ ಕುಡಿದು ಲೋಟವನ್ನು ಬೋರಲು ಹಾಕಿದರು. ದುರುಗೇಶ್ ಹತ್ತಿರ ಬಂದು, "ಇನ್ನರ್ಧ ಹಾಕ್ಲಾ ಸಾರ್?" ಎಂದು ಕೇಳಿದರು. ತಮ್ಮ ಇಡೀ ಸೇವಾವಧಿಯಲ್ಲಿ ದುರುಗೇಶ್ ಅವರಿಗೆ ಯಾರನ್ನಾದರೂ ಹೀಗೆ ಕೇಳುವ ಸಂದರ್ಭ ಇದಕ್ಕೆ ಮುಂಚೆ ಬಂದಿರಲಿಲ್ಲ. ಉಲ್ಲೇಖ 2ರ ಸಿದ್ಧಾಂತದಲ್ಲಿ ಎರಡನೇ ಲೋಟದ ಪ್ರಸ್ತಾಪ ಎಲ್ಲಿಯೂ ಇರುವುದಿಲ್ಲ. ಅಧೀಕ್ಷಕರು ಲೋಟವನ್ನು ನೆಟ್ಟಗೆ ಮಾಡಿ ಮುಂದೆ ಹಿಡಿದಿರುತ್ತಾರೆ.

ಸಹಿ/-
(ಓಂಕಾರಮೂರ್ತಿ)
ಅಧೀಕ್ಷಕರು
(ಹೊಟ್ಟೆ ಸರಿಯಿಲ್ಲದೆ ರಜೆಯಲ್ಲಿರುವುದರಿಂದ, ಪರವಾಗಿ ನಿರ್ಮಲಾ)

ಪ್ರತಿಗಳು:
1. ಶ್ರೀಮತಿ ಪಾಲಮ್ಮ, ಮೊಳಕಾಲ್ಮೂರು: ಎರಡು ಕೈಗಳಿಗೆ ತಲಾ ಒಂದು ಪ್ರತಿ.
2. ಶ್ರೀ ಹೊನ್ನೂರಸ್ವಾಮಿ: ಮಾಹಿತಿಗಾಗಿ. ಫ್ಲಾಸ್ಕ್ ಹಿಂದಿರುಗಿಸಿದೆ, ಮುಚ್ಚಳ ಹುಡುಕಲಾಗುತ್ತಿದೆ.
3. ರೆಕಾರ್ಡ್ ರೂಮಿನ ಹಲ್ಲಿ: ಸದ್ಯಕ್ಕೆ ಯಾರೂ ಬರುತ್ತಿಲ್ಲ ಎಂಬ ಮಾಹಿತಿಗಾಗಿ.
4. ಬ್ರಹ್ಮಗಿರಿಯ ಬಂಡೆ: ಜಾಗವಿದ್ದಲ್ಲಿ.
5. ಶ್ರೀ ದುರುಗೇಶ್, ಚಳ್ಳಕೆರೆ: ಮುಂದಿನ ಸಭೆಗೆ ತಪ್ಪದೆ ಹಾಜರಾಗಲು. ಡಬ್ಬದ ಸಮೇತ.