ವಾಯಿದೆ ವಕೀಲರ ತಿದ್ದುಪಡಿ

ಮಂತ್ರಿಗಳ ಕಾಫಿ ಲೋಟಕ್ಕೆ ಸೂರಿನಿಂದ ಒಂದು ಹನಿ ತೊಟಕ್ಕನೆ ಬಿತ್ತು. ಆ ದಿನದ ರಗಳೆಗೆಲ್ಲ ಅದೇ ಮೂಲ.

"ರೀ, ಇವತ್ತಾದ್ರೂ ಈ ಮನೆ ಬಿಡೋಣ. ಸರ್ಕಾರ ಬಂಗಲೆ ಕೊಟ್ಟಿದೆಯಂತಲ್ಲ?" ಮನೆಯಾಕೆ ಬಕೆಟ್ ತಂದು ಹನಿಯ ಕೆಳಗಿಟ್ಟರು.

"ಸ್ವಲ್ಪ ತಾಳೇ. ಮಂತ್ರಿಗಿರಿ ಇವತ್ತಿರುತ್ತೆ, ನಾಳೆ ಹೋಗುತ್ತೆ. ಈ ಮನೆ ಹಾಗಲ್ಲ. ಬರೋ ವಾರ ನೋಡೋಣ."

"ಮದುವೆ ಆದಾಗಿನಿಂದ ನಿಮ್ಮ ಬರೋ ವಾರ ಬಂದೇ ಇಲ್ಲ."

ಮಾತು ಸುಳ್ಳಲ್ಲ. ವಕೀಲಿ ಮಾಡುತ್ತಿದ್ದಾಗ ಮಂತ್ರಿಗಳಿಗೆ ವಾಯಿದೆ ವಕೀಲರೆಂದೇ ಹೆಸರು. ವಿಚಾರಣೆ ಮುಂದೂಡಿಸುವುದರಲ್ಲಿ ಅವರದು ಎತ್ತಿದ ಕೈ. ಒಂದೇ ಒಂದು ಕೇಸು ಸೋತವರಲ್ಲ. ಸೋಲಬೇಕಾದರೆ ಕೇಸು ಮುಗಿಯಬೇಕಲ್ಲ! ಪಕ್ಷದ ಹಿರಿಯ ನಾಯಕರ ಮೇಲಿದ್ದ ಮೊಕದ್ದಮೆಯನ್ನಂತೂ ಎಷ್ಟು ನಾಜೂಕಾಗಿ ಎಳೆದರೆಂದರೆ, ನಾಯಕರು ಕೊನೆಯುಸಿರಿನವರೆಗೂ ನಿರಪರಾಧಿಯಾಗಿಯೇ ಇದ್ದರು. ಆ ಋಣಕ್ಕೆ ಪಕ್ಷ ಟಿಕೆಟ್ ಕೊಟ್ಟಿತು, ಜನ ಗೆಲ್ಲಿಸಿದರು, ಪ್ರಧಾನಿ ಕಾನೂನು ಖಾತೆಯನ್ನೇ ಕೈಗಿಟ್ಟರು. ವಾಸದ ಬಾಡಿಗೆ ಮನೆ ನಿಂತಿದ್ದದ್ದೂ ವಾಯಿದೆಯ ಮೇಲೇ. ಮನೆ ಬಿಡಿಸಿಕೊಡಿ ಎಂದು ಮಾಲೀಕರು ದಾವೆ ಹೂಡಿ ಅದೆಷ್ಟು ಕಾಲವಾಗಿತ್ತೆಂದರೆ, ವಕೀಲರ ಕೂದಲು ಬೆಳ್ಳಗಾಗಿತ್ತು, ಮಾಲೀಕರ ಕೂದಲು ಪೂರಾ ಹೋಗಿತ್ತು. ಆ ಸಿಟ್ಟಿಗೆ ಅವರು ಸೂರು ರಿಪೇರಿ ಮಾಡಿಸುತ್ತಿರಲಿಲ್ಲ.

ಇಂಥವರ ಕೈಗೇ ಪ್ರಧಾನಿ ಒಂದು ಮಸೂದೆ ಕೊಟ್ಟಿದ್ದರು. ಇನ್ನು ಯಾವ ಕೇಸಿಗೂ ಎರಡೇ ವಾಯಿದೆ, ಮೂರನೆಯ ಸಲಕ್ಕೆ ತೀರ್ಪು. ಹಳೆಯ ಕೇಸುಗಳಿಗೂ ಇದೇ ಕಾನೂನು. ಇವತ್ತು ಅದು ಪಾಸಾದರೆ ಮನೆ ಕೈಬಿಟ್ಟ ಹಾಗೆಯೇ.

ಸದನದ ಬಾಗಿಲಲ್ಲೇ ಆಪ್ತ ಕಾರ್ಯದರ್ಶಿ ಎದುರಾದ. "ಸಾರ್, ನಿಮ್ಮ ಬಂಗಲೆ ವಿಷಯದಲ್ಲಿ ಒಂದು ಸಣ್ಣ ತೊಡಕು..."

"ಅದೆಲ್ಲ ಆಮೇಲೆ ಕಣಯ್ಯ. ಮಸೂದೆ ಕಡತ ಕಾಣ್ತಾ ಇಲ್ಲ. ಇವತ್ತು ಮಂಡಿಸೋಕಾಗಲ್ಲ ಅಂತ ಹೇಳಿಬಿಡು."

"ಇನ್ನೊಂದು ಪ್ರತಿ ನನ್ನ ಹತ್ರ ಇದೆ ಸಾರ್."

ವಕೀಲರು ಗಂಟಲು ಕಟ್ಟಿದೆಯೆಂದು ಸನ್ನೆ ಮಾಡಿದರು. ಆತ ಓಡಿಹೋಗಿ ಮೈಕಿನ ದನಿ ಹೆಚ್ಚಿಸಿ ಬಂದ. ಕೊನೆಗೆ ವಕೀಲರು ಪ್ರಧಾನಿಯ ಬಳಿ ಹೋಗಿ ಮುಖ ಸಣ್ಣದು ಮಾಡಿಕೊಂಡರು. "ನಮ್ಮ ಸೋದರತ್ತೆ ತೀರಿಕೊಂಡರು..."

"ಹೋದ ಅಧಿವೇಶನದಲ್ಲೂ ಅವರೇ ತೀರಿಕೊಂಡಿದ್ರಲ್ಲ ವಕೀಲ್ರೇ?" ಪ್ರಧಾನಿ ತಲೆಯೆತ್ತದೆ ಕೇಳಿದರು. "ಊಟ ಮಾಡ್ಕೊಂಡು ಬನ್ನಿ. ಮಧ್ಯಾಹ್ನ ಮಂಡಿಸಿ."

ಕ್ಯಾಂಟೀನಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತ ವಕೀಲರ ಪಕ್ಕ ಹಿಂದಿನ ಕಾನೂನು ಮಂತ್ರಿ ಬಂದು ಕೂತರು. ಅಧಿಕಾರ ಹೋಗಿದ್ದರೂ ಅವರಿನ್ನೂ ಸಂಸದರು, ವಿರೋಧ ಪಕ್ಷದವರು. ಆದರೂ ವಕೀಲರು ತಡೆಯಲಾರದೆ ಅವರೆದುರು ಮನೆಯ ಸಂಕಟವನ್ನೆಲ್ಲ ತೋಡಿಕೊಂಡರು.

"ಅಯ್ಯೋ, ಇಷ್ಟೇನಾ?" ಅವರು ಬೆನ್ನು ತಟ್ಟಿದರು. "ಒಂದು ತಿದ್ದುಪಡಿ ಸೇರಿಸಿಬಿಡಿ. ಸಂಸದರು ವಾಸವಾಗಿರೋ ಮನೆಯ ಕೇಸಿಗೆ ಈ ಕಾನೂನು ಅನ್ವಯಿಸೋಲ್ಲ ಅಂತ. ನಮ್ಮ ಕಡೆಯಿಂದ ಒಬ್ಬನೂ ತುಟಿ ಬಿಚ್ಚದ ಹಾಗೆ ನಾನು ನೋಡ್ಕೋತೀನಿ."

ವಿರೋಧಿಯಾದರೂ ಎಂಥ ದೊಡ್ಡ ಮನಸ್ಸು! ವಕೀಲರ ಕಣ್ಣು ತುಂಬಿಬಂತು.

ಮಧ್ಯಾಹ್ನ ಮಸೂದೆ ತಿದ್ದುಪಡಿಯೊಂದಿಗೆ ಸರ್ವಾನುಮತದಿಂದ ಪಾಸಾಯಿತು. ಎರಡೂ ಕಡೆಯವರು ಒಟ್ಟಿಗೆ ಮೇಜು ಕುಟ್ಟಿದ್ದನ್ನು ನೋಡಿ ಸಭಾಧ್ಯಕ್ಷರಿಗೇ ಗಾಬರಿಯಾಯಿತು. ವಕೀಲರು ಗೆದ್ದ ಉಬ್ಬಿನಲ್ಲಿ ಮನೆಗೆ ಬಂದರು. ಬಾಗಿಲಿಗೆ ಹೊಸ ಬೀಗ. ಮೆಟ್ಟಿಲ ಮೇಲೆ ಮಾಲೀಕರು ಕಾಲು ಚಾಚಿ ಕೂತಿದ್ದರು.

"ನಿಮ್ಮ ಮನೆಯವರು ಪುಣ್ಯಾತ್ಮರು ಸ್ವಾಮಿ. ಬೆಳಿಗ್ಗೆ ಲಾರಿ ತರಿಸಿ ಸಾಮಾನೆಲ್ಲ ಹಾಕಿಸಿದ್ರು, ಬೀಗದಕೈ ನನ್ನ ಕೈಗೆ ಕೊಟ್ಟು ಬಂಗಲೆಗೆ ಹೋದ್ರು. ಇನ್ನು ನಮ್ಮ ಕೇಸೇ ಇಲ್ಲ!"

ಬದುಕಿನಲ್ಲಿ ಮೊದಲ ಸಲ ವಕೀಲರ ಒಂದು ಕೇಸು ಮುಗಿದಿತ್ತು. ಹೋಗಲಿ, ಬಂಗಲೆಯಾದರೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಅಲ್ಲಿಗೆ ಧಾವಿಸಿದರು.

ಬಂಗಲೆಯ ಗೇಟಿನ ಹೊರಗೆ, ಮಂಚ, ಬೀರು, ಪಾತ್ರೆಗಳ ನಡುವೆ ಮನೆಯಾಕೆ ಟ್ರಂಕಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಕಾರ್ಯದರ್ಶಿ ಕೈ ಹಿಸುಕಿಕೊಳ್ಳುತ್ತಿದ್ದ. "ಅದೇ ತೊಡಕು ಸಾರ್, ಬೆಳಿಗ್ಗೆ ಹೇಳೋಕೆ ಬಂದೆ. ಒಳಗಿರೋರು ಖಾಲಿ ಮಾಡ್ತಿಲ್ಲ. ಸರ್ಕಾರ ಕೇಸು ಹಾಕಿದೆ."

ಮಹಡಿಯ ಮೇಲಿಂದ ಪರಿಚಯದ ದನಿ ಕೇಳಿತು. "ನಮಸ್ಕಾರ ಮಂತ್ರಿಗಳೇ!" ಹಿಂದಿನ ಮಂತ್ರಿ ಚಹಾದ ಕಪ್ಪು ಹಿಡಿದು ನಿಂತಿದ್ದರು. "ಒಳ್ಳೆ ಕಾನೂನು ಮಾಡಿದ್ರಿ. ಇನ್ನು ನನ್ನ ಕೇಸಿಗೆ ಎಷ್ಟು ವಾಯಿದೆ ಬೇಕಾದ್ರೂ ತಗೋಬಹುದು. ನಿಮ್ಮ ಜೂನಿಯರೇ ನನ್ನ ವಕೀಲ. ಗಂಟಲು ಕಟ್ಟಿದೆ ಅಂತ ಇವತ್ತೂ ಒಂದು ತಗೊಂಡ!"

ವಕೀಲರು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು. "ಸ್ವಲ್ಪ ತಾಳೇ..."

ಮನೆಯಾಕೆ ಬಕೆಟ್ಟನ್ನು ಬೋರಲು ಹಾಕಿ ಅವರ ಮುಂದಿಟ್ಟರು.

"ಕೂತ್ಕೊಳ್ಳಿ. ಬರೋ ವಾರದ ತನಕ ನಿಂತಿರೋಕಾಗಲ್ಲ."