ಚಂದವ್ವನ ಚಿತ್ತಶಾಂತಿ

“ಕಾಲೇಜಿನ್ಯಾಗ ಎಂಥೆಂಥಾ ಹಠಮಾರಿಗಳನ್ನ ಸುಮ್ಮನ ಕುಂದ್ರಿಸೇನಿ. ಈ ಆಕಳ ಯಾವ ಲೆಕ್ಕಾ!”

ಮನಶ್ಶಾಸ್ತ್ರದ ನಿವೃತ್ತ ಪ್ರಾಧ್ಯಾಪಕಿ ಮಹಾನಂದಾ ಅವರು ದೇವಿಕೊಪ್ಪದ ತಮ್ಮ ಕೊಟ್ಟಿಗೆಯಲ್ಲಿ ನಿಂತು ಹೀಗೆ ಘೋಷಿಸಿದರು. ಕೇಳಿಸಿಕೊಂಡವರು ಇಬ್ಬರು: ಪತಿ ಸುಭಾಸ ಮತ್ತು ಚಂದವ್ವ ಎಂಬ ಆಕಳು. ಇಬ್ಬರೂ ಮೆಲ್ಲುತ್ತಿದ್ದರು. ಒಬ್ಬರು ಎಲೆಯಡಿಕೆ, ಇನ್ನೊಬ್ಬಳು ಕಣಿಕೆ.

ಹಾಲು ಕರೆಯುವ ರೋಬೋಟೊಂದನ್ನು ಕಂಪನಿಯವರು ಪರೀಕ್ಷೆಗೆಂದು ಇವರ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದರು. ಆಕಳು ತಾನಾಗಿಯೇ ಅದರ ಒಳಗೆ ಹೋಗಿ ನಿಲ್ಲಬೇಕು. ಅಂಜಿದ ಆಕಳು ಒದೆಯುತ್ತದೆ, ಹಾಲು ಇಳಿಸುವುದಿಲ್ಲ, ಯಂತ್ರಕ್ಕೆ ಯೋಗ್ಯವಲ್ಲ. ಕೊಟ್ಟಿಗೆಯ ಉಳಿದ ಆಕಳುಗಳೋ ಚಂದವ್ವನ ಬೆನ್ನು ಬಿಟ್ಟು ಹೆಜ್ಜೆ ಇಡುವಂಥವಲ್ಲ. ಭಾನುವಾರದೊಳಗೆ ಈ ಮಹಾರಾಣಿ ಒಪ್ಪದಿದ್ದರೆ ಯಂತ್ರ ಬಮ್ಮಿಗಟ್ಟಿಗೆ, ಮೈದುನನ ಹೆಂಡತಿ, ನೆಗೆಣ್ಣಿ ಶೈಲಾಳ ಮನೆಗೆ! ಶೈಲಾ ಆಗಲೇ ಅದಕ್ಕೆ ಕಟ್ಟೆ ಕಟ್ಟಿಸಿ, ಕಟ್ಟೆಯ ಫೋಟೋ ಕಳಿಸಿದ್ದಳು.

ಯಂತ್ರ ಬರುವವರೆಗೆ ಎರಡೂ ಹೊತ್ತು ಸುಭಾಸ ಹಾಲು ಹಿಂಡುವುದು, ಮಹಾನಂದಾ ಬಾಜೂಕ ನಿಂತು ಅವರ ಜನ್ಮದ ತಪ್ಪುಗಳನ್ನೆಲ್ಲ ತಿದ್ದುವುದು ನಡೆದುಬಂದ ಪದ್ಧತಿ. ಅದಕ್ಕೀಗ ವಿಜ್ಞಾನ ಅಡ್ಡ ಬಂತು.

“ಸಪ್ಪಳದಿಂದ ಆಕಳ ಮನಸಿನ ಮ್ಯಾಲೆ ಒತ್ತಡ ಆಗತೈತಿ. ಇವತ್ತಿನಿಂದ ಇಲ್ಲಿ ಬಕೀಟ ಬಡಿಯೂಹಂಗಿಲ್ಲ, ಕೆಮ್ಮೂಹಂಗಿಲ್ಲ. ನಾನೂ ಒಂದ್ ಮಾತ ಆಡೂದಿಲ್ಲ.”

“ನೀನೂ?” ಸುಭಾಸ ಬೆಚ್ಚಿಬಿದ್ದರು. “ನೋಡ ಮತ್ತ, ಆಕಳ ಗಾಬರಿ ಆದೀತು!”

ಕೊಟ್ಟಿಗೆ ಪರೀಕ್ಷೆಯ ಕೋಣೆಯಂತೆ ಗಪ್ಪಾಯಿತು. ಚಂದವ್ವ ಯಂತ್ರದ ಬಾಗಿಲವರೆಗೆ ಬರುವಳು, ತಿರುಗಿ ಮಹಾನಂದಾ ಅವರ ಮುಚ್ಚಿದ ಬಾಯಿಯನ್ನೇ ನೋಡುವಳು, ಹಿಂದೆ ಸರಿಯುವಳು. ಕಂಪನಿಯವರು ಅವಳ ಕೊರಳಿಗೆ ಕಟ್ಟಿದ ಪಟ್ಟಿ ತೋರಿಸುವ ಎದೆಬಡಿತ ಏರುತ್ತಲೇ ಹೋಯಿತು. ಸುಭಾಸ ಕೈಯಿಂದ ಹಿಂಡಿದರೂ ಅರ್ಧ ಹಾಲೇ ಬಂತು.

ಮಹಾನಂದಾ ಕೊನೆಯ ಅಸ್ತ್ರ ತೆಗೆದರು. ಮೃದು ದನಿಯಲ್ಲಿ, “ಬಾ, ನನ್ನ ಬಂಗಾರಾ...” ಎಂದರು.

ಅಂಥ ದನಿಯನ್ನು ಆ ಮನೆ ಕೇಳಿಯೇ ಇರಲಿಲ್ಲ. ಚಂದವ್ವ ಹಗ್ಗ ಹರಿದುಕೊಂಡು ಹಿತ್ತಲಿಗೆ ಓಡಿದಳು. ಸುಭಾಸರ ತಲೆಯ ಮೇಲಿನ ಹುಲ್ಲಿನ ಹೊರೆ ಜಾರಿ ಬಿತ್ತು.

“ನನಗಂದೇನ?” ಎಂದರು ಅವರು.

ಭಾನುವಾರ ಕಂಪನಿಯ ಇಂಜಿನಿಯರ್ ಜಹೀರುದ್ದೀನ ಬಂದ. ಅವನ ಬೆನ್ನಿಗೇ ಟ್ರ್ಯಾಕ್ಟರ್ ಸಮೇತ ಶೈಲಾ ಬಂದಳು.

“ಅವಸರ ಏನೂ ಇಲ್ರಿ ಅಕ್ಕಾರ,” ಎಂದಳು ಸಕ್ಕರೆಯಂತೆ. “ಸಾವಕಾಶ ಸೋಲ್ರಿ.”

ಮಹಾನಂದಾ ಹಲ್ಲು ಕಚ್ಚಿ ಮೌನ ಕಾಯ್ದುಕೊಂಡರು. ಚಂದವ್ವ ಬಾಗಿಲಲ್ಲಿ ಕಲ್ಲಾಗಿ ನಿಂತಳು. ಸಪ್ಪಳವಾಗಬಾರದೆಂದು ತುದಿಗಾಲಲ್ಲಿ ಬಂದ ಸುಭಾಸ ಹಿಂಡಿಯ ಬಕೀಟಿನೊಳಗೇ ಕಾಲಿಟ್ಟರು. ಕಾಲು ಸಿಕ್ಕಿತು. ಧಡಲ್! ಬಡಲ್! ಬಕೀಟು ಸಮೇತ ಇಡೀ ಕೊಟ್ಟಿಗೆ ಸುತ್ತಿದರು.

ಅಷ್ಟು ದಿನ ಮಹಾನಂದಾ ಕಟ್ಟಿಟ್ಟದ್ದೆಲ್ಲ ಕಟ್ಟೆಯೊಡೆಯಿತು.

“ಕಣ್ಣ ನೆತ್ತಿ ಮ್ಯಾಲ ಅದಾವೇನ್ರಿ? ಗೀಸರ್ ಬಂದ್ ಮಾಡ್ರಿ ಅಂದ್ರ ಫ್ರಿಜ್ ಬಂದ್ ಮಾಡ್ತೀರಿ! ಅಂಗಿ ತಿರುವಿ ಹಾಕ್ಕೊಂಡ ಬೀಗರ ಮನಿಗೆ ಹೋಗ್ತೀರಿ! ನಿಮ್ಮನ್ನ ಕಟಗೊಂಡ...”

ಚಂದವ್ವ ಒಂದು ದೀರ್ಘ ಉಸಿರು ಬಿಟ್ಟಳು. ಕಿವಿ ಸಡಿಲಿಸಿದಳು. ಮೆಲುಕು ಹಾಕುತ್ತ, ತವರುಮನೆಗೆ ಹೊರಟವಳಂತೆ ನಡೆದು ಯಂತ್ರದೊಳಗೆ ನಿಂತಳು. ರೋಬೋಟಿನ ತೋಳು ಮೊಲೆ ಹಿಡಿಯಿತು, ಹಾಲು ಸುರಿಯಿತು. ಬೆರಗಾದ ಮಹಾನಂದಾ ಬಾಯಿ ಮುಚ್ಚಿದರು. ಹಾಲೂ ನಿಂತಿತು!

“ನಿಲ್ಲಸಬ್ಯಾಡ್ರಿ ಮೇಡಮ್ಮಾರ!” ಜಹೀರುದ್ದೀನ ಕೂಗಿದ. “ಬೈರಿ! ಎದಿಬಡಿತ ಇಳದೈತಿ, ಆಕಳ ಅಗದಿ ಸಮಾಧಾನ ಐತಿ! ಜೋರ ಬೈರಿ!”

“ಏನಂತ ಬೈಲಿ?” ಬಾಳಿನಲ್ಲಿ ಮೊದಲ ಬಾರಿ ಅವರಿಗೆ ಗಂಡನ ತಪ್ಪು ನೆನಪಾಗಲಿಲ್ಲ.

ಬಕೀಟಿನಲ್ಲಿ ಕಾಲಿಟ್ಟೇ ನಿಂತಿದ್ದ ಸುಭಾಸ ನೆರವಿಗೆ ಬಂದರು. “ನಿನ್ನ ತಮ್ಮನ ಲಗ್ನದಾಗ ಅಕ್ಕಿಕಾಳ ಹಾಕೂ ಹೊತ್ತಿಗೆ ನಾ ನಿದ್ದಿ ಹೋಗಿದ್ನೆಲ್ಲ, ಅದನ್ನ ತಗೀ!”

ಮಹಾನಂದಾ ತೆಗೆದರು. ಹಾಲು ಬಂತು.

“ಅದು ಮುಗೀತೇನ? ನಿನ್ನ ಕನ್ನಡಕದ ಮ್ಯಾಲೆ ಕುಂತಿದ್ದೆ ನೋಡ!”

ಅದನ್ನೂ ತೆಗೆದರು. ಚಂದವ್ವನ ಕೆಚ್ಚಲು ಬರಿದಾಗುವವರೆಗೆ ಸುಭಾಸ ಹೀಗೇ ಒದಗಿಸುತ್ತ ಹೋದರು. ಉಳಿದ ಆಕಳುಗಳು ಹಿಂದೆ ಪಾಳಿ ಹಚ್ಚಿದ್ದವು. ಶೈಲಾಳ ಟ್ರ್ಯಾಕ್ಟರ್ ಬರಿದೇ ಹೋಯಿತು.

ಮೌನ ಬೋಧಿಸಿದ ಪ್ರಾಧ್ಯಾಪಕಿಯ ಬೈಗುಳವನ್ನು ಜಹೀರುದ್ದೀನ ಮೊಬೈಲಿನಲ್ಲಿ ಹಿಡಿದು ಯಂತ್ರಕ್ಕೆ ಜೋಡಿಸಿಬಿಟ್ಟ. ಈಗ ಹಾಲು ಕರೆಯುವ ಹೊತ್ತಿಗೆಲ್ಲ ಧ್ವನಿವರ್ಧಕದಿಂದ ಅದೇ ಮಂಗಳವಾದ್ಯ ಮೊಳಗುತ್ತದೆ. ಯಂತ್ರ ಉಳಿಯಿತು. ಮಹಾನಂದಾ ಗೆದ್ದರು.

ಮೊನ್ನೆ ಹಿತ್ತಲಲ್ಲಿ ಅರಿವೆ ಒಣಹಾಕುತ್ತಿದ್ದ ಮಹಾನಂದಾ ಅವರಿಗೆ ಹೊತ್ತಿದ ವಾಸನೆ ಬಡಿಯಿತು. ಸುಭಾಸ ಅಡುಗೆಮನೆಯ ಹೊಸ್ತಿಲಲ್ಲೇ ಪೇಪರ್ ಹಿಡಿದು ಕುಳಿತಿದ್ದರು.

“ಒಲಿ ಮ್ಯಾಲಿನ ಹಾಲ ಉಕ್ಕಾಕತ್ತೈತಿ! ಕಿವಿ ಕೇಳಸೂದಿಲ್ಲೇನ್ರಿ?” ಎಂದು ಗಂಟಲು ಹರಿಯುವಂತೆ ಕೂಗಿದರು.

ಸುಭಾಸ ನೆಮ್ಮದಿಯಿಂದ ಪುಟ ತಿರುವಿದರು. “ಹಿಂಡೂ ಹೊತ್ತಾತು ಕಾಣಸ್ತೈತಿ,” ಎಂದುಕೊಂಡರು.

ಹಾಲೆಲ್ಲ ಉಕ್ಕಿ ಒಲೆಯ ಪಾಲಾಯಿತು. ಮಹಾನಂದಾ ಅವರ ಮಾತಿಗೆ ಬೆಲೆ ಕೊಟ್ಟು ಎದ್ದು ನಡೆದವಳು ಚಂದವ್ವ ಒಬ್ಬಳೇ. ಅವಳೂ ಯಂತ್ರದ ಕಡೆಗೆ!