ಬೆನ್ನುನೋವಿನವನ ರಿಲೇ

ಗುಮಾಸ್ತನ ಅಂದಿನ ಕಷ್ಟಕ್ಕೆಲ್ಲ ಮೂಲ ಕಸದ ಗಾಡಿ. ದಿನಾ ತಡವಾಗಿ ಬರುವ ಗಾಡಿ ಅಂದು ಯಾಕೋ ಬೇಗ ಬಂದು, ಗಂಟೆ ಬಾರಿಸಿದ ಶಾಸ್ತ್ರ ಮಾಡಿ, ಬೀದಿಯ ತುದಿಯತ್ತ ಹೊರಟೇಬಿಟ್ಟಿತು. ಬಚ್ಚಲಿನಿಂದ ಹೆಂಡತಿಯ ದನಿ ಬಂತು.

"ರೀ, ಗಾಡಿ ಹೋಗ್ತಾ ಇದೆ! ಇವತ್ತೂ ಕಸ ಇಲ್ಲೇ ಉಳೀತು ಅಂದ್ರೆ ಅದರ ಪಕ್ಕದಲ್ಲೇ ನಿಮಗೆ ಹಾಸಿಗೆ!"

ಗುಮಾಸ್ತ ಡಬ್ಬ ಎತ್ತಿಕೊಂಡವನೇ ಪೈಜಾಮದಲ್ಲೇ ಬೀದಿಗಿಳಿದು ಓಡಿದ. ನಿಂತಿದ್ದ ಸೈಕಲ್ಲುಗಳನ್ನು ಬಳಸಿ, ಎದುರಾದ ಹಾಲಿನವನನ್ನು ತಪ್ಪಿಸಿ, ತಿರುವಿನಲ್ಲಿ ಗಾಡಿಯನ್ನು ಹಿಡಿದು, ಓಡುತ್ತಲೇ ಡಬ್ಬವನ್ನು ಗಾಡಿಯವನ ಕೈಗೆ ದಾಟಿಸಿಬಿಟ್ಟ. ಒಂದು ಚೂರು ಸಿಪ್ಪೆ ಕೂಡ ಕೆಳಗೆ ಬೀಳಲಿಲ್ಲ.

ಕಸ ಹಾಕುವುದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ತಪ್ಪಿದ್ದದ್ದು ಬೆನ್ನಿನಲ್ಲಿ. ಗುಮಾಸ್ತ ಬೆನ್ನುನೋವೆಂದು ರಜೆ ಹಾಕಿ ಮನೆಯಲ್ಲಿದ್ದ.

ಅವನು ಕೆಲಸ ಮಾಡುತ್ತಿದ್ದುದು ಊರಿನ ನೀರು ಸರಬರಾಜು ಕಚೇರಿಯಲ್ಲಿ. ಊರಾಚೆಯ ಗುಡ್ಡದ ಮೇಲಿರುವ ದೊಡ್ಡ ತೊಟ್ಟಿಯನ್ನು ನೋಡಿಕೊಳ್ಳಲು ಕಚೇರಿಯಿಂದ ಒಬ್ಬನನ್ನು ಕಳಿಸಬೇಕಿತ್ತು. ಅಲ್ಲಿಗೆ ಮೆಟ್ಟಿಲೊಂದೇ ದಾರಿ. ಮೇಲೆ ಒಬ್ಬನೇ ಮಲಗುವಷ್ಟು ಅಗಲದ ಕೋಣೆ, ಮಾತಾಡಿಸಲು ಗಾಳಿ. ಹೆಂಡತಿಯನ್ನೂ ಕಿಟಕಿ ಪಕ್ಕದ ತನ್ನ ಕುರ್ಚಿಯನ್ನೂ ಬಿಟ್ಟು ಬದುಕುವುದು ಗುಮಾಸ್ತನಿಂದಾಗದ ಮಾತು. ಸಾಹೇಬರು ತನ್ನ ಕಡೆ ಕಣ್ಣು ಹಾಯಿಸಿದ ದಿನವೇ ಅವನು ಸೊಂಟ ಹಿಡಿದುಕೊಂಡು ಗೋಡೆಗೊರಗಿದ. "ಪಾಪ, ನಾಳಿದ್ದು ತೀರ್ಮಾನ ಮಾಡೋಣ" ಎಂದಿದ್ದರು ಸಾಹೇಬರು. ಆ ನಾಳಿದ್ದಿಗೆ ಇನ್ನೊಂದೇ ದಿನ ಉಳಿದಿತ್ತು.

ಗುಮಾಸ್ತ ಖಾಲಿ ಡಬ್ಬ ಹಿಡಿದು ತಿರುಗುವಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಸೀಟಿ ಮೊಳಗಿತು.

"ಏನ್ ಓಟಾನಪ್ಪಾ! ಬೆನ್ನು ಹೇಗಿದೆ ಈಗ?"

ಕೇಳಿದವರು ಸೀಟಿ ಮೇಷ್ಟ್ರು. ಶಾಲೆಯಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದವರು. ಕೊರಳಿನ ಸೀಟಿ ಮಾತ್ರ ನಿವೃತ್ತಿಯಾಗಿರಲಿಲ್ಲ. ಆ ವಾರ ಊರಿನಲ್ಲಿ ಅಂತರರಾಷ್ಟ್ರೀಯ ರಿಲೇ ಓಟದ ಸ್ಪರ್ಧೆ. ದೀಪದ ಕಂಬಗಳಿಗೆಲ್ಲ ಬಣ್ಣ ಬಿದ್ದಿತ್ತು, ಮುಗುಳ್ನಗುವುದು ಹೇಗೆಂದು ಬಸ್ ಕಂಡಕ್ಟರುಗಳಿಗೂ ತರಬೇತಿಯಾಗಿತ್ತು. ಮೇಷ್ಟ್ರು ಸ್ವಾಗತ ಸಮಿತಿಯಲ್ಲಿ ಸೇರಿಕೊಂಡು ನೆಲಕ್ಕೆ ಕಾಲೂರದೆ ಓಡಾಡುತ್ತಿದ್ದರು.

"ಮೇಷ್ಟ್ರೇ, ನೀವು ನೋಡಿದ್ದು ಯಾರ ಹತ್ರಾನೂ..."

"ಹೇಳಲ್ಲ. ನೀನು ನನಗೊಂದು ಉಪಕಾರ ಮಾಡ್ಬೇಕು. ಹೊರದೇಶದ ಟೀವಿಯವರು, ಪೇಪರ್‌ನವರು ಇವತ್ತು ಬರ್ತಾರೆ. ನಾಳೆ ಪಂದ್ಯಕ್ಕೆ ಅವರ ಕ್ಯಾಮೆರಾ ಎಲ್ಲಾ ಇವತ್ತೇ ಸರಿ ಮಾಡ್ಕೋಬೇಕಂತೆ. ಅದಕ್ಕೆ ಯಾರಾದ್ರೂ ಓಡಿ ತೋರಿಸ್ಬೇಕು. ನಿಜವಾದ ಓಟಗಾರರು ಹೋಟ್ಲಲ್ಲಿ ಕಾಲು ಚಾಚ್ಕೊಂಡಿರ್ತಾರೆ. ಅವರ ಬದಲಿಗೆ ನಮ್ಮೂರ ಜನ. ನನ್ನ ತಂಡದಲ್ಲಿ ಒಬ್ಬ ಕಮ್ಮಿ."

"ಅಯ್ಯೋ, ಕ್ಯಾಮೆರಾ ಮುಂದೆ ನಾನಾ? ಸಾಹೇಬ್ರು ನೋಡಿದ್ರೆ ನನ್ನ ಕತೆ ಮುಗೀತು!"

"ನಿಮ್ಮ ಸಾಹೇಬ್ರ ಫೋನ್ ನಂಬರ್ ನನ್ನ ಹತ್ರಾನೂ ಇದೆ" ಎಂದು ಮೇಷ್ಟ್ರು ಸೀಟಿಯನ್ನು ಅಂಗಿಯಲ್ಲಿ ಒರೆಸಿಕೊಂಡರು. ಅಲ್ಲಿಗೆ ಮಾತು ಮುಗಿಯಿತು.

ಹೆಂಡತಿ ತನ್ನ ಕಪ್ಪು ಕನ್ನಡಕ ಕೊಟ್ಟಳು. ಅಗಲವಾದದ್ದು, ಅಂಚಿಗೆ ಹೊಳೆಯುವ ಹರಳು. "ಇದನ್ನ ಹಾಕ್ಕೊಂಡ್ರೆ ನಿಮ್ಮಮ್ಮ ಬಂದ್ರೂ ಗುರುತು ಹಿಡಿಯಲ್ಲ. ಕಳೆದುಹಾಕಿದ್ರೆ ಮಾತ್ರ ನಾನು ನಿಮ್ಮ ಗುರುತು ಹಿಡಿಯಲ್ಲ" ಎಂದಳು.

ಕ್ರೀಡಾಂಗಣದ ಬಾಗಿಲಲ್ಲಿ ಸ್ವಾಗತದ ಗಲಾಟೆ. ಬ್ಯಾಂಡಿನವರು ಕೆನ್ನೆ ಉಬ್ಬಿಸಿ ನಿಂತಿದ್ದರು. ಟೀವಿ, ಪೇಪರಿನವರ ಬಸ್ಸು ಬಂದು ನಿಂತದ್ದೇ ತಡ, ಸ್ವಾಗತ ಸಮಿತಿಯ ಅಧ್ಯಕ್ಷೆ ಮೊದಲು ಇಳಿದವನ ಕೈಗೆ ಹೂಗುಚ್ಛ ಕೊಟ್ಟು, ಬಾಯಿಪಾಠ ಮಾಡಿದ್ದ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಅವನು ಬಸ್ಸಿನ ಡ್ರೈವರು. ಜನ್ಮದಲ್ಲಿ ಯಾರೂ ತನಗೆ ಹೂ ಕೊಟ್ಟಿರಲಿಲ್ಲವೆಂದು ಅವನು ಕಣ್ಣೊರೆಸಿಕೊಂಡ. ನಿಜವಾದ ಅತಿಥಿಗಳು ತಮ್ಮ ಪೆಟ್ಟಿಗೆಗಳನ್ನು ತಾವೇ ಹೊತ್ತುಕೊಂಡು ಹಿಂಬಾಗಿಲಿನಿಂದ ಒಳಗೆ ಹೋಗಿಯಾಗಿತ್ತು.

ಮೇಷ್ಟ್ರ ತಂಡ ಹೀಗಿತ್ತು: ಮೊದಲು ಕ್ಷೌರಿಕ, ಆಮೇಲೆ ಸ್ವತಃ ಮೇಷ್ಟ್ರು, ಆಮೇಲೆ ಗುಮಾಸ್ತನ ಭಾವಮೈದನಾದ ಟೈಲರ್, ಕೊನೆಗೆ ಗುಮಾಸ್ತ. ಎದೆಯ ಮೇಲೆ ಯಾವುದೋ ದೂರದೇಶದ ಹೆಸರಿನ ಬಟ್ಟೆ. ಗುಮಾಸ್ತನದು ಜಾರುತ್ತಿತ್ತೆಂದು ಭಾವಮೈದ ಸೂಜಿ ತೆಗೆದು ಅಂಗಿಗೇ ಸೇರಿಸಿ ಹೊಲಿದುಬಿಟ್ಟ.

"ಗೆಲ್ಲೋದು ಬಿಡೋದು ಆಮೇಲೆ" ಎಂದರು ಮೇಷ್ಟ್ರು. "ಕೈಯಿಂದ ಕೈಗೆ ದಾಟಿಸೋ ಕೋಲು ಮಾತ್ರ ಕೆಳಗೆ ಬೀಳ್ಬಾರ್ದು. ಬಿದ್ರೆ ಇಡೀ ತಂಡ ಔಟ್!"

ಗುಮಾಸ್ತ ತನ್ನ ಜಾಗದಲ್ಲಿ ನಿಂತು, ಆದಷ್ಟು ನಿಧಾನವಾಗಿ, ಎಲ್ಲರಿಗಿಂತ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ಓಡುವುದೆಂದು ತೀರ್ಮಾನಿಸಿದ. ಹಾಗೆ ತೀರ್ಮಾನಿಸಿ ತಲೆಯೆತ್ತಿದರೆ, ಮಾಧ್ಯಮದವರ ಗ್ಯಾಲರಿಯಲ್ಲಿ ಒಬ್ಬರು ಕುಡಿಯುವ ನೀರಿನ ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದರು. ಸಾಹೇಬರು!

"ಭಾವ, ಹಿಡೀರಿ!" ಎಂದು ಹಿಂದಿನಿಂದ ಭಾವಮೈದ ಅರಚಿದ. ಕೈಗೆ ಕೋಲು ಬಂತು. ಸಾಹೇಬರು ಈ ಕಡೆ ತಿರುಗಿದರು. ಗುಮಾಸ್ತ ಕಾಲಿಗೆ ಬುದ್ಧಿ ಹೇಳಿದ.

ಆಮೇಲೆ ನಡೆದದ್ದನ್ನು ಓಟ ಎನ್ನುವುದಕ್ಕಿಂತ ಪರಾರಿ ಎನ್ನುವುದೇ ಸರಿ. ಕೆಂಪು ಗಡ್ಡದ ವಿದೇಶಿ ಕ್ಯಾಮೆರಾದವನೊಬ್ಬ ಪುಟ್ಟ ಗಾಡಿಯಲ್ಲಿ ಕುಳಿತು ಪಕ್ಕದಲ್ಲೇ ಬಂದ. ಗುಮಾಸ್ತ ಮುಖ ಆಚೆ ತಿರುಗಿಸಿದ. ಗಾಡಿ ಆಚೆ ಬಂತು. ಗುಮಾಸ್ತ ಕೈ ಅಡ್ಡ ಹಿಡಿದ. ಗಡ್ಡದವನು ಇಂಥ ನಾಚಿಕೆಯ ವೀರನನ್ನು ಎಲ್ಲೂ ಕಂಡಿರಲಿಲ್ಲವೋ ಏನೋ, ಇನ್ನಷ್ಟು ಹುರುಪಿನಿಂದ ಬೆನ್ನು ಹತ್ತಿದ. ಕ್ಯಾಮೆರಾದಿಂದ ತಪ್ಪಿಸಿಕೊಳ್ಳುವ ಭರದಲ್ಲಿ ಗುಮಾಸ್ತ ಮುಂದಿದ್ದವರನ್ನೆಲ್ಲ ಹಿಂದೆ ಹಾಕಿ, ಎದೆಯಿಂದ ದಾರ ಹರಿದು, ಅಲ್ಲೂ ನಿಲ್ಲದೆ ಗೇಟಿನಿಂದ ಹೊರಗೆ ಹಾರಿ ಮನೆಯ ದಾರಿ ಹಿಡಿದ. ಗೇಟಿನ ಬಳಿ ಕನ್ನಡಕ ಬಿತ್ತು. ತಿರುಗಿ ನೋಡುವ ಧೈರ್ಯ ಯಾರಿಗಿತ್ತು? ಹಿಂದೆ ಇಡೀ ಕ್ರೀಡಾಂಗಣ ಚಪ್ಪಾಳೆ ತಟ್ಟುತ್ತಿತ್ತು.

ಮಧ್ಯಾಹ್ನ ಅವನ ಮನೆಯಲ್ಲಿ ಸಭೆ ಸೇರಿತು. ಮೇಷ್ಟ್ರು, ಕ್ಷೌರಿಕ, ಭಾವಮೈದ, ಕರೆಯದೆಯೇ ಬಂದ ಎದುರುಮನೆ ಅಜ್ಜಿ. ಗುಮಾಸ್ತ ಕೈಮುಗಿದು ಬೇಡಿಕೊಂಡ. "ಯಾರು ಕೇಳಿದ್ರೂ, ಏನೇ ಆದ್ರೂ, ನಾನು ಬೆಳಗ್ಗೆಯಿಂದ ಹಾಸಿಗೆ ಬಿಟ್ಟಿಲ್ಲ. ಆಣೆ ಮಾಡಿ!"

"ನನ್ನ ಸೀಟಿ ಆಣೆ" ಎಂದರು ಮೇಷ್ಟ್ರು. ಸಿಕ್ಕಿಸಿದವರು ತಾವೇ ಎಂಬ ಅಳುಕು ಅವರಿಗಿತ್ತು. ಉಳಿದವರೂ ಆಣೆ ಮಾಡಿದರು. ಅಜ್ಜಿಯಂತೂ ಉತ್ಸಾಹದಿಂದ ಎರಡು ಸಲ ಮಾಡಿದಳು.

ಸಭೆ ಇನ್ನೂ ಚದುರಿರಲಿಲ್ಲ, ಸಂಜೆ ಬಾಗಿಲು ಸದ್ದಾಯಿತು. ಕಿತ್ತಳೆ ಹಣ್ಣಿನ ಚೀಲ ಹಿಡಿದು ಸಾಹೇಬರು ನಿಂತಿದ್ದರು. ಗುಮಾಸ್ತನಿಗೆ ಅಂಗಿ ಬದಲಿಸಲು ಪುರಸೊತ್ತಿಲ್ಲ, ಎದೆಯ ಮೇಲಿನ ಬಟ್ಟೆ ಎಳೆದರೆ ಬರಲಿಲ್ಲ. ಭಾವಮೈದನ ಹೊಲಿಗೆ ಅಷ್ಟು ಗಟ್ಟಿ. ಗುಮಾಸ್ತ ಮಂಚಕ್ಕೆ ಹಾರಿ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡ. ಹೆಂಡತಿ ಬಿಸಿನೀರಿನ ಚೀಲವನ್ನು ಅವನ ಬೆನ್ನಿನಡಿ ತಳ್ಳಿದಳು.

"ಹೇಗಿದೀರಿ?" ಎಂದು ಸಾಹೇಬರು ಕುರ್ಚಿಯಲ್ಲಿ ಕುಳಿತರು. "ಇವತ್ತು ಕ್ರೀಡಾಂಗಣದಲ್ಲಿ ಒಬ್ಬ ಓಡ್ದ ನೋಡಿ. ಥೇಟ್ ನಿಮ್ಮ ಹಾಗೇ ಇದ್ದ! ನನಗೆ ಒಂದು ಕ್ಷಣ ಅನುಮಾನಾನೇ ಬಂತು."

"ಇವರಾ?" ಎಂದಳು ಹೆಂಡತಿ. "ಮಗ್ಗುಲು ಬದಲಾಯಿಸೋಕೂ ನಾನೇ ಕೈ ಕೊಡ್ಬೇಕು."

"ಬೆಳಗ್ಗೆಯಿಂದ ನರಳ್ತಾ ಇದಾನೆ. ನಮ್ಮನೆವರೆಗೂ ಕೇಳ್ಸುತ್ತೆ" ಎಂದಳು ಅಜ್ಜಿ.

"ಓಡಿದವನು ಹೊರಗಿನವನು ಸಾರ್. ಆಗಲೇ ಊರು ಬಿಟ್ಟ" ಎಂದರು ಮೇಷ್ಟ್ರು.

ಸಾಹೇಬರು ತಲೆಯಾಡಿಸಿದರು. ಅವರ ಮುಖದ ಮೇಲಿನ ಅನುಮಾನ ಪೂರ್ತಿ ಅಳಿಸಿಹೋಯಿತು. ಗುಮಾಸ್ತನಿಗೆ ಹಾಲು ಕುಡಿದಷ್ಟು ಸಂತೋಷವಾಗಿ, ಆ ಸಂತೋಷಕ್ಕೆ ಒಂದು ಸಲ ಚೆನ್ನಾಗಿ ನರಳಿದ.

"ಛೆ, ಪಾಪ!" ಎಂದರು ಸಾಹೇಬರು. "ಅದಕ್ಕೇ ನಾನು ನಾಳೆವರೆಗೂ ಕಾಯೋದು ಬೇಡ ಅಂತ ಈಗ್ಲೇ ತೀರ್ಮಾನ ಮಾಡ್ಬಿಟ್ಟೆ. ನಿಮ್ಮನ್ನ ಗುಡ್ಡದ ತೊಟ್ಟಿಗೇ ಹಾಕಿದೀನಿ."

"ಸಾರ್?! ಬೆನ್ನು... ಮೆಟ್ಟಿಲು..."

"ಬೆನ್ನಿಗೋಸ್ಕರಾನೇ ಕಣ್ರೀ! ಒಂದ್ಸಲ ಹತ್ತಿದ್ರೆ ಆಯ್ತು, ಇಳಿಯೋದೇ ಬೇಡ. ಹೊತ್ಕೊಂಡು ಹೋಗೋಕೆ ಜನಾನ ನಾನು ಕೊಡ್ತೀನಿ. ಅಲ್ಲಿ ಫೈಲಿಲ್ಲ, ಕುರ್ಚಿಯಿಲ್ಲ. ದಿನವಿಡೀ ಅಂಗಾತ ಮಲ್ಕೊಂಡು ತೊಟ್ಟಿ ನೋಡ್ತಾ ಇರಿ. ಊಟ ಹಗ್ಗದಲ್ಲಿ ಮೇಲೆ ಬರುತ್ತೆ." ಸಾಹೇಬರು ನಿಟ್ಟುಸಿರು ಬಿಟ್ಟರು. "ನನ್ನ ತೊಂದ್ರೆ ಬೇರೆ. ಈ ಸ್ಪರ್ಧೆ ನೋಡಿ ಮೇಲಿನವರಿಗೆ ಹುಚ್ಚು ಹಿಡಿದಿದೆ. ಪ್ರತಿ ಕಚೇರಿಗೂ ಒಂದು ರಿಲೇ ತಂಡ ಬೇಕಂತೆ. ಓಡೋನು ಒಬ್ಬ ಸಿಕ್ಕಿದ್ರೆ ಸಾಕು, ನಿವೃತ್ತಿ ಆಗೋವರೆಗೂ ಕಿಟಕಿ ಪಕ್ಕದ ಕುರ್ಚೀಲಿ ಕೂರಿಸಿ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ತಿದ್ದೆ."

ಕಂಬಳಿ ಹಾರಿ ಅಜ್ಜಿಯ ತಲೆಯ ಮೇಲೆ ಬಿತ್ತು.

"ಸಾರ್! ಓಡಿದ್ದು ನಾನೇ! ಇಲ್ನೋಡಿ ಬಟ್ಟೆ! ಹೇಳ್ರೀ ಮೇಷ್ಟ್ರೇ!"

ಮೇಷ್ಟ್ರು ಅವನನ್ನು ನೋಡಿ ಗುಟ್ಟಾಗಿ ಕಣ್ಣು ಮಿಟುಕಿಸಿದರು. ಏನೇ ಆದರೂ ಹೇಳಬಾರದೆಂದು ಆಣೆ ಮಾಡಿದ್ದ ಮನುಷ್ಯ. "ನೋವು ತಲೆಗೇರಿದೆ ಸಾರ್. ಬಟ್ಟೆ ನಾನೇ ಕೊಟ್ಟಿದ್ದು, ಬೆನ್ನಿಗೆ ಬೆಚ್ಚಗಿರಲಿ ಅಂತ."

"ಭಾವನಿಗೆ ಆಗಾಗ ಹೀಗೇ ಆಗುತ್ತೆ" ಎಂದ ಭಾವಮೈದ. ಕ್ಷೌರಿಕ ದುಃಖದಿಂದ ತಲೆ ತಗ್ಗಿಸಿದ. ಹೆಂಡತಿ ಮಾತ್ರ "ನಿಜ ಸಾರ್, ಇವರೇ ಓಡಿದ್ದು!" ಎಂದು ಗಂಡನ ಪಕ್ಕ ನಿಂತಳು. "ಹೆಂಡತಿ ಅಂದ್ರೆ ಹೀಗಿರ್ಬೇಕು" ಎಂದು ಸಾಹೇಬರು ಕಣ್ಣು ತೇವ ಮಾಡಿಕೊಂಡರು.

ಅಷ್ಟರಲ್ಲಿ ಬಾಗಿಲಲ್ಲಿ ಕೆಂಪು ಗಡ್ಡ ಕಾಣಿಸಿತು. ಕೈಯಲ್ಲಿ ಹರಳಿನ ಕನ್ನಡಕ, ಹೆಗಲಿಗೆ ಕ್ಯಾಮೆರಾ. ಬೀದಿ ಬೀದಿ ವಿಚಾರಿಸಿಕೊಂಡು ತನ್ನ ವೀರನನ್ನು ಹುಡುಕಿ ಬಂದಿದ್ದ. ಗುಮಾಸ್ತನಿಗೆ ಹೋದ ಜೀವ ಮರಳಿತು. "ಮೀ, ಮೀ!" ಎಂದು ಎದೆ ಬಡಿದುಕೊಂಡ. ಗಡ್ಡದವನು ಕ್ಯಾಮೆರಾದ ಪುಟ್ಟ ಪರದೆಯನ್ನು ಎಲ್ಲರಿಗೂ ತೋರಿಸಿದ. ಓಡುವವನ ಅಂಗೈ ಕಂಡಿತು, ಕನ್ನಡಕ ಕಂಡಿತು, ತಲೆಯ ಹಿಂಭಾಗ ಬಹಳ ಹೊತ್ತು ಕಂಡಿತು. ಮುಖ ಎಲ್ಲೂ ಇರಲಿಲ್ಲ. ಗುಮಾಸ್ತ ಅಷ್ಟು ಅಚ್ಚುಕಟ್ಟಾಗಿ ಮರೆಮಾಡಿದ್ದ.

ಗಡ್ಡದವನು ಎರಡು ಬೆರಳುಗಳನ್ನು ಅಂಗೈ ಮೇಲೆ ಓಡಿಸಿ, ಬಾಗಿಲ ಕಡೆ ಕೈ ತೋರಿಸಿದ. ಓಡಿ ತೋರಿಸು ಎಂದರ್ಥ.

"ಓಡ್ತೀನಿ! ನೋಡ್ತಿರಿ ಸಾರ್!" ಗುಮಾಸ್ತ ಕನ್ನಡಕ ಏರಿಸಿ, ಬಗ್ಗಿ, ನೆಲಕ್ಕೆ ಬೆರಳೂರಿದ. ಮೇಷ್ಟ್ರು ಅಭ್ಯಾಸಬಲದಿಂದ ಸೀಟಿ ಊದಿಯೇಬಿಟ್ಟರು.

ಬೆನ್ನು ಕಟಕ್ಕೆಂದಿತು.

ಬೆಳಗ್ಗೆ ಕಸದ ಗಾಡಿ, ಆಮೇಲೆ ಕ್ರೀಡಾಂಗಣ, ಈಗ ಇದು; ಪಾಪ, ಎಷ್ಟೆಂದು ತಾಳೀತು? ಗುಮಾಸ್ತ ಬಗ್ಗಿದವನು ಬಗ್ಗಿದಂತೆಯೇ ಉಳಿದ. ಈ ಸಲದ ನರಳಿಕೆ ನಿಜವಾಗಿಯೂ ಎದುರುಮನೆಯವರೆಗೆ ಕೇಳಿಸಿತು. ಗಡ್ಡದವನು ಕನ್ನಡಕವನ್ನು ಮೆಲ್ಲಗೆ ಬಿಡಿಸಿಕೊಂಡು, ಇವನಲ್ಲ ಎಂದು ತಲೆಯಾಡಿಸಿ, ನಿಜವಾದ ವೀರನನ್ನು ಹುಡುಕಲು ಹೊರಟುಹೋದ. ಕನ್ನಡಕವೂ ಅವನ ಜೊತೆಗೇ ಹೋಯಿತು. ಹೆಂಡತಿ ಅದನ್ನು ಗಮನಿಸಿದಳು.

"ನಾಳೆ ಬೆಳಗ್ಗೇನೇ ಹೊತ್ಕೊಂಡು ಹೋಗಿ" ಎಂದರು ಸಾಹೇಬರು.

ಮರುದಿನ ಕ್ರೀಡಾಂಗಣದಲ್ಲಿ ಬ್ಯಾಂಡು ಬಾರಿಸುತ್ತಿರುವಾಗ, ಗುಡ್ಡದ ಮೆಟ್ಟಿಲುಗಳ ಮೇಲೆ ಬೆತ್ತದ ಕುರ್ಚಿಯೊಂದು ಏರುತ್ತಿತ್ತು. ಅದರಲ್ಲಿ ಗುಮಾಸ್ತ, ಅವನ ಮಡಿಲಲ್ಲಿ ಸಾಹೇಬರ ಕಿತ್ತಳೆ ಹಣ್ಣು. ಮೊದಲ ತಿರುವಿನವರೆಗೆ ಕ್ಷೌರಿಕ ಮತ್ತು ಭಾವಮೈದ ಹೊತ್ತರು. ಅಲ್ಲಿಂದ ಮುಂದಕ್ಕೆ ಕಚೇರಿಯ ಇಬ್ಬರು ಜವಾನರು ಕೈ ಚಾಚಿ ಸಿದ್ಧರಾಗಿ ನಿಂತಿದ್ದರು. ಜೊತೆಯಲ್ಲಿ ಓಡಿ ಬರುತ್ತಿದ್ದ ಮೇಷ್ಟ್ರು ಜೋರಾಗಿ ಸೀಟಿ ಊದಿದರು.

"ಹುಷಾರು, ಹುಷಾರು! ಕೋಲು ಕೆಳಗೆ ಬಿದ್ರೆ ತಂಡ ಔಟ್!"